ಚೆನ್ನಾಗಿರೋ ಹಳೇ ಹಾಡಿಗೆ ಮತ್ತೆ ಯಾಕೆ ಕೈ ಹಾಕ್ತಾರೆ?

ನಾನು ಪ್ರೋಗ್ರೆಸಿವ್ ರಾಕ್ (ಉದ್ದುದ್ದ, ಸುತ್ತುಬಳಸಿನ ಹಾಡುಗಳ ರಾಕ್ ಸಂಗೀತ) ಕೇಳ್ತೀನಿ ಅಂತ ಗೊತ್ತಿರೋರು ಒಂದಲ್ಲ ಒಂದಿನ ಇದನ್ನ ಕೇಳೇ ಕೇಳ್ತಾರೆ, "ಅಲ್ಲ ಗುರು, ಹಾಡು ಆಗ್ಲೇ ಚೆನ್ನಾಗಿತ್ತಲ್ಲ, ಹಳೇ ಹಾಡು ಒಟ್ಟುಹಾಕೋ ಕಂಪೈಲೇಶನ್ ಆಲ್ಬಂ ನೆಪದಲ್ಲಿ ಅದನ್ನ ಮತ್ತೆ ಕೆದಕೋದ್ಯಾಕೆ, ದುಡ್ಡಿಗಾ?"

ದುಡ್ಡಿಗೂ ಹೌದು, ಇಲ್ಲ ಅನ್ನಲ್ಲ. ಆದ್ರೆ ಕೆದಕೋದ್ರಲ್ಲಿ ಎರಡು ಥರ ಇದೆ. ಆವತ್ತು ರೆಕಾರ್ಡ್ ಮಾಡಿದ್ದನ್ನೇ ಇಟ್ಕೊಂಡು ಗಿಟಾರು, ಡ್ರಮ್ಸು, ದನಿ ಯಾವ್ದು ಎಷ್ಟು ಕೇಳ್ಬೇಕು ಅಂತ ಹೊಸದಾಗಿ ಹೊಂದಿಸೋದು ರೀಮಿಕ್ಸ್ (ಬೀಟ್ ಸೇರಿಸಿ ಕುಣಿಸೋ ರೀಮಿಕ್ಸ್ ಅಲ್ಲ ಇದು). ಇನ್ನೊಂದು, ಮೊದಲಿಂದ ಮತ್ತೆ ನುಡಿಸೋದು. ಮೊದಲನೇದು ರಿಪೇರಿ, ಅದಕ್ಕೆ ನನ್ನ ತಕರಾರಿಲ್ಲ. ಎರಡನೇದಕ್ಕೆ ಗೊಣಗ್ತೀನಿ.

ಕೆನಡಾದ ರಶ್ ಬ್ಯಾಂಡನ್ನೇ ತಗೊಳ್ಳಿ. ಡ್ರಮ್ಮರ್ ನೀಲ್ ಪಿಯರ್ಟ್ 1997ರಲ್ಲಿ ಮಗಳನ್ನ, ಮುಂದಿನ ವರ್ಷ ಹೆಂಡತೀನ ಕಳ್ಕೊಂಡ್ರು, ಇನ್ನು ಈ ಬ್ಯಾಂಡ್ ಕಥೆ ಮುಗೀತು ಅನ್ನೋ ಹಾಗಿದ್ದಾಗ 2002ರಲ್ಲಿ ವೇಪರ್ ಟ್ರೇಲ್ಸ್ ಆಲ್ಬಂ ಬಂತು. ಅದರ ಮೊದಲ ಹಾಡು ಒನ್ ಲಿಟಲ್ ವಿಕ್ಟರಿ ಶುರುವಾಗೋದೇ ಬರೀ ಡ್ರಮ್ಸಿಂದ, ಗಿಟಾರ್ ಆಮೇಲೆ ಬರುತ್ತೆ, ಡ್ರಮ್ ಪೆಡಲ್ ಮೇಲೆ ಪಿಯರ್ಟ್ ಅವರ ಎರಡೂ ಕಾಲು ಬಿಡುವಿಲ್ಲದೆ ಓಡ್ತಿರುತ್ತೆ, ಮನುಷ್ಯ ವಾಪಸ್ ಬಂದಿದ್ದಾರೆ ಅನ್ನೋದಕ್ಕೆ ಬೇರೆ ಮಾತೇ ಬೇಡ. ಆದ್ರೆ ಸೌಂಡು ಮಾತ್ರ ಅಯ್ಯೋ! ಆಗ ಪ್ರತಿ ಸಿಡಿಯೂ ಪಕ್ಕದ ಸಿಡಿಗಿಂತ ಜೋರಾಗಿ ಕಿರುಚ್ಬೇಕು ಅನ್ನೋ ಹುಚ್ಚು. ಡಿಜಿಟಲ್‌ನಲ್ಲಿ ಸದ್ದಿಗೆ ಒಂದು ಚಾವಣಿ ಇರುತ್ತೆ, ಅದನ್ನ ಮೀರಿಸೋಕೆ ಹೋದ್ರೆ ಅಲೆಯ ತುದಿ ಕತ್ತರಿಸಿ ಹೋಗಿ ಕರಕರ ಅನ್ನುತ್ತೆ. ನೀವು ಮನೇಲಿ ವಾಲ್ಯೂಮ್ ಎಷ್ಟೇ ಇಳಿಸಿದ್ರೂ ಅದು ಹೋಗಲ್ಲ, ಯಾಕಂದ್ರೆ ಆ ತುದಿ ಡಿಸ್ಕಲ್ಲೇ ಇಲ್ಲ. 2009ರ ರೆಟ್ರೊಸ್ಪೆಕ್ಟಿವ್ 3 ಕಂಪೈಲೇಶನ್‌ಗೆ ಸೌಂಡ್ ಎಂಜಿನಿಯರ್ ರಿಚರ್ಡ್ ಚಿಕಿ ಈ ಹಾಡನ್ನೂ ಅದೇ ಆಲ್ಬಮ್ಮಿನ ಅರ್ಥ್‌ಶೈನನ್ನೂ ರೀಮಿಕ್ಸ್ ಮಾಡಿದ್ರು, ಗೋಡೆ ಥರ ಮೈಮೇಲೆ ಬೀಳ್ತಿದ್ದ ಸದ್ದಲ್ಲಿ ಉಸಿರಾಡೋಕೆ ಜಾಗ ಸಿಕ್ತು. 2013ಕ್ಕೆ ಡೇವಿಡ್ ಬಾಟ್ರಿಲ್ ಕೈಲಿ ಇಡೀ ಆಲ್ಬಮ್ಮೇ ರೀಮಿಕ್ಸ್ ಆಗಿ ಬಂತು. ಇದನ್ನ ಯಾರಾದ್ರೂ ಬರೀ ದುಡ್ಡಿಗೆ ಅಂದ್ರೆ ನಾನು ಜಗಳಕ್ಕೆ ರೆಡಿ.

ಕೆಲವು ಸಲ ಕಾರಣ ಸಂಗೀತವೇ ಅಲ್ಲ, ಕಾಗದ ಪತ್ರ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ 1981ರ ಕಂಪೈಲೇಶನ್‌ಗೆ ಮನಿ ಹಾಡು ಬೇಕಿತ್ತು, ಅಮೆರಿಕದಲ್ಲಿ ಅದರ ಹಕ್ಕಿದ್ದ ಹಳೇ ಕಂಪನಿ ಕೊಡ್ಲಿಲ್ಲ, ಬ್ಯಾಂಡಿನ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ಸ್ಯಾಕ್ಸೊಫೋನ್ ಒಂದು ಬಿಟ್ಟು ಹೆಚ್ಚುಕಮ್ಮಿ ಎಲ್ಲಾನೂ ತಾನೇ ನುಡಿಸಿ ಹಾಡನ್ನ ಮತ್ತೆ ಮಾಡಿಟ್ರು. ಬೆಸ್ಟ್ ಹಾಡುಗಳ ಆಲ್ಬಮ್ಮಲ್ಲಿ ತಮ್ಮದೇ ಹಾಡಿನ ನಕಲು, ನೋಡಿ ತಮಾಷೆ.

ಇನ್ನು ಇಂಗ್ಲೆಂಡಿನ ಜೆನೆಸಿಸ್ ಬ್ಯಾಂಡು. 1974ರ ಕಾರ್ಪೆಟ್ ಕ್ರಾಲರ್ಸ್ ಹಾಡನ್ನ 1999ರ ಹಿಟ್ಸ್ ಆಲ್ಬಮ್ಮಿಗೆ ಪ್ರೊಡ್ಯೂಸರ್ ಟ್ರೆವರ್ ಹಾರ್ನ್ ಕೈಲಿ ಹೊಸದಾಗಿ ಮಾಡಿಸಿದ್ರು. ಹಳೇದ್ರಲ್ಲಿ ದನಿ ಕೆಳಗಿಂದ ಮೆಲ್ಲಗೆ ತೆವಳ್ಕೊಂಡು ಮೇಲೆ ಹತ್ತುತ್ತೆ, ಹೊಸದು ಪಾಲಿಶ್ ಹೊಡೆದಿಟ್ಟ ಹಾಗಿದೆ, ನಂಗೆ ಹಿಡಿಸಲ್ಲ. ಹಿಡಿಸಲ್ಲ ಅಂತೀನಿ, ಆದ್ರೂ 1975ರಲ್ಲಿ ಬ್ಯಾಂಡ್ ಬಿಟ್ಟುಹೋದ ಹಾಡುಗಾರ ಪೀಟರ್ ಗೇಬ್ರಿಯಲ್ ದನಿ ಆದ್ಮೇಲೆ, ಅವರ ಜಾಗದಲ್ಲಿ ಹಾಡೋಕೆ ನಿಂತ ಡ್ರಮ್ಮರ್ ಫಿಲ್ ಕಾಲಿನ್ಸ್ ದನಿ ಬರೋವರೆಗೂ ಕಾಯ್ತಾ ಕೂತಿರ್ತೀನಿ.