ಕಬಿನಿ ಇರುವಾಗ ಕೀನ್ಯಾ ಯಾಕೆ?

"ಆನೆ ನೋಡಲು ಕಬಿನಿ ಇದೆ, ಸಮುದ್ರಕ್ಕೆ ಗೋಕರ್ಣ ಇದೆ. ಮಕ್ಕಳನ್ನು ಕಟ್ಟಿಕೊಂಡು ಆಫ್ರಿಕಾಗೆ ಯಾಕೆ ಹೋಗಿದ್ರಿ?"

ದಸರಾ ರಜೆಯಲ್ಲಿ ಕೀನ್ಯಾಗೆ ಹೋಗಿಬಂದ ಮೇಲೆ ಮದುವೆ ಮನೆಯಲ್ಲಿ, ಸ್ಕೂಲ್ ಗೇಟಿನಲ್ಲಿ, ಲಿಫ್ಟಿನಲ್ಲಿ ಎಲ್ಲ ಕಡೆ ಇದೇ ಪ್ರಶ್ನೆ. ಅಷ್ಟೊಂದು ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ಕೆಲವರು ಹೀಗೆ ಕೇಳುತ್ತಾರೆ, ಅದು ನನಗೂ ಗೊತ್ತು.

ನಿಜ ಹೇಳಬೇಕೆಂದರೆ ನಾವು ಸಿಂಹ ನೋಡಲು ಹೋದವರಲ್ಲ. ಗೆಳತಿಯ ಮನೆಗೆ ಹೋಗಿದ್ದು. ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದವಳು ಗಂಡ, ಮಗಳ ಜೊತೆ ನೈರೋಬಿಯಲ್ಲಿ ಆರು ವರ್ಷದಿಂದ ಇದ್ದಾಳೆ. ಅವಳು ದುಬೈಯಲ್ಲಿದ್ದಿದ್ದರೆ ದುಬೈಗೆ ಹೋಗುತ್ತಿದ್ದೆವು. ಹೋಟೆಲಿನಲ್ಲಿ ಉಳಿದುಕೊಂಡು ಅಷ್ಟು ದಿನ ಸುತ್ತುವುದು ನಮ್ಮ ಕೈಲಾಗದ ಮಾತು.

ಹೊರಡುವ ಮುಂಚೆ ಅವಳಿಗೆ ಏನು ತರಲಿ ಅಂತ ಕೇಳಿದೆ. ಸಾರಿನ ಪುಡಿ ಅಂದಳು. "ರಾಗಿ ಹಿಟ್ಟು ಮಾತ್ರ ಹೊತ್ಕೊಂಡು ಬರಬೇಡ ಕಣೇ. ಇಲ್ಲಿ ವಿಂಬಿ ಅಂತ ಸಿಗುತ್ತೆ. ಅದರ ತವರುಮನೆಯೇ ಈ ಕಡೆ." ಹೌದು, ರಾಗಿ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ನಾಡುಗಳಿಂದಲೇ ನಮ್ಮ ಕಡೆಗೆ ಬಂದದ್ದು. ಅಲ್ಲಿನವರು ಅದರ ಗಂಜಿ ಕುಡಿಯುತ್ತಾರೆ. ಮುದ್ದೆಗೆ ಮಾತ್ರ ಮೆಕ್ಕೆಜೋಳದ ಹಿಟ್ಟು, ಹೆಸರು ಉಗಾಲಿ, ಜೊತೆಗೆ ಸುಕುಮಾ ವಿಕಿ ಅನ್ನುವ ಸೊಪ್ಪಿನ ಪಲ್ಯ. ನಮ್ಮ ಯಜಮಾನರು ಎರಡು ತುತ್ತು ನುಂಗಿ, ಇದನ್ನು ಅಗಿಯಬೇಕು ಅಂತ ಗೊತ್ತಾದ ಮೇಲೆ ನಾಚಿಕೊಂಡರು.

ತಯಾರಿ ಬಗ್ಗೆ ಒಂದೇ ಮಾತು. ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. ಆ ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನಲ್ಲೇ ಹಿಡಿದು 6 ದಿನದವರೆಗೆ ಬೇರೆ ಇಡಬಹುದು. ನಾವು ಹೊರಡಲು ಹನ್ನೊಂದು ದಿನ ಇರುವಾಗ ಹೇಗೋ ಹಾಕಿಸಿಕೊಂಡೆವು. ಬೇಸಿಗೆ ರಜೆಗೆ ಹೋಗಬೇಡಿ, ಏಪ್ರಿಲ್-ಮೇ ಅಲ್ಲಿ ದೊಡ್ಡ ಮಳೆಗಾಲ. ಸ್ವೆಟರ್ ಮರೆಯಬೇಡಿ. ನೈರೋಬಿ ನಮ್ಮ ಮಡಿಕೇರಿಗಿಂತ ಎತ್ತರದಲ್ಲಿದೆ.

ನೈರೋಬಿಯಿಂದ ಮೊಂಬಾಸಾ ಕಡೆಗೆ ಹೋಗುವ ರೈಲು 2017ರಲ್ಲಿ ಶುರುವಾಗಿದ್ದು. ಹಳೆಯ ಹಳಿ ಹಾಕಿದವರು ಮಾತ್ರ ನಮ್ಮವರೇ. 1896ರಿಂದ 1901ರವರೆಗೆ ಸುಮಾರು 32,000 ಕೂಲಿಗಳನ್ನು ಬ್ರಿಟಿಷರು ಇಂಡಿಯಾದಿಂದ ಕರೆದೊಯ್ದಿದ್ದರು, ಹೆಚ್ಚಿನವರು ಪಂಜಾಬಿನ ಕಡೆಯವರು. 1898ರಲ್ಲಿ ತ್ಸಾವೋ ನದಿಗೆ ಸೇತುವೆ ಕಟ್ಟುವಾಗ ಎರಡು ಸಿಂಹಗಳು ಟೆಂಟಿಗೇ ನುಗ್ಗಿ ಅವರನ್ನು ಎಳೆದೊಯ್ಯುತ್ತಿದ್ದವು. ಈ ಕಥೆಯನ್ನು ಗೆಳತಿಯ ಗಂಡ ರೈಲಿನಲ್ಲೇ ನನ್ನ ಮಗನಿಗೆ ಹೇಳಿದರು. ಆ ರಾತ್ರಿ ಅವನು ನಮ್ಮಿಬ್ಬರ ಮಧ್ಯೆಯೇ ಮಲಗಿದ.

ನಾವು ಇಳಿದಿದ್ದು ವೋಯಿಯಲ್ಲಿ, ಪೂರ್ವ ತ್ಸಾವೋ ಕಾಡಿನ ಬಾಗಿಲು. ನಾಳೆ ಎಷ್ಟು ಹೊತ್ತಿಗೆ ಹೊರಡೋದು ಅಂತ ಡ್ರೈವರನ್ನು ಕೇಳಿಸಿದರೆ, ಗೆಳತಿಯ ಮಗಳು "ಹನ್ನೆರಡು ಗಂಟೆಗಂತೆ ಆಂಟಿ" ಅಂದಳು. ಸರಿ, ಆರಾಮಾಗಿ ಎದ್ದರಾಯಿತು ಅಂದುಕೊಂಡೆ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲಿಂದ. ಬೆಳಗಿನ ಏಳು ಅವರಿಗೆ ಒಂದು ಗಂಟೆ, ಆರು ಅಂದರೆ ಹನ್ನೆರಡು. ಬೆಳಗ್ಗೆ ಆರಕ್ಕೆ ವ್ಯಾನ್ ಬಂದು ಹಾರ್ನ್ ಹೊಡೆಯಿತು.

ಬಂಡೀಪುರದ ರಾಷ್ಟ್ರೀಯ ಉದ್ಯಾನ ಸುಮಾರು 870 ಚದರ ಕಿಲೋಮೀಟರ್. ಪೂರ್ವ ತ್ಸಾವೋ ಒಂದೇ 13,000ಕ್ಕಿಂತ ಜಾಸ್ತಿ. ಆದರೆ ನನಗೆ ವ್ಯತ್ಯಾಸ ಕಂಡಿದ್ದು ಅಳತೆಯಲ್ಲಲ್ಲ, ಬಯಲಿನಲ್ಲಿ. ಕಬಿನಿಯಲ್ಲಿ ಲಂಟಾನ ಪೊದೆಯ ಹಿಂದೆ ಏನೋ ಅಲ್ಲಾಡುತ್ತದೆ, ಅಷ್ಟರಲ್ಲಿ ಹುಲಿ ಕಂಡಿತಂತೆ ಅಂತ ಜೀಪ್ ಬೇರೆ ಕಡೆ ಓಡುತ್ತದೆ. ಇಲ್ಲಿ ಒಂದು ನೀರಿನ ಗುಂಡಿಯ ಹತ್ತಿರ ಮುಕ್ಕಾಲು ಗಂಟೆ ಸುಮ್ನೆ ಕೂತಿದ್ದೆವು. ಕೆಮ್ಮಣ್ಣು ಮೈಮೇಲೆ ಎರಚಿಕೊಂಡು ಆನೆಗಳೆಲ್ಲ ಇಟ್ಟಿಗೆ ಬಣ್ಣ. ನೋಡುತ್ತಾ ನೋಡುತ್ತಾ ಮಗಳೇ ಕಂಡುಹಿಡಿದಳು: "ಅಮ್ಮಾ, ಮರಿಗೆ ಹಾಲು ಕೊಡ್ತಿರೋ ಆನೆಗೂ ಕೊಂಬಿದೆ!" ನಮ್ಮಲ್ಲಿ ದೊಡ್ಡ ಕೊಂಬು ಗಂಡಾನೆಗೆ ಮಾತ್ರ. ಅಲ್ಲಿ ಸಾಮಾನ್ಯವಾಗಿ ಎರಡಕ್ಕೂ ಇರುತ್ತದೆ.

ಜೀಬ್ರಾಗೆ ಸ್ವಾಹಿಲಿಯಲ್ಲಿ ಪುಂಡಾ ಮಿಲಿಯಾ, ಅಂದರೆ ಪಟ್ಟೆ ಕತ್ತೆ. ಪುಂಡಾ ಅಂದರೆ ಕತ್ತೆ ಅಂತ ತಿಳಿದ ಮೇಲೆ ಇಬ್ಬರು ಮಕ್ಕಳೂ ಊರಿನ ಪುಂಡಾನೆಗಳ ಸುದ್ದಿ ನೆನೆಸಿಕೊಂಡು ನಕ್ಕಿದ್ದೇ ನಕ್ಕಿದ್ದು. ಸಿಂಹ? ಒಂದು ಕಂಡಿತು. ಮಲಗಿತ್ತು. ಬಾಲ ಒಂದು ಸಲ ಅಲ್ಲಾಡಿಸಿತು, ಅಷ್ಟೇ. ಪ್ರವೇಶಕ್ಕೆ ನಾವು ಡಾಲರ್ ಲೆಕ್ಕದಲ್ಲಿ ಕೊಟ್ಟೆವು, ಅಲ್ಲೇ ಇರುವ ಗೆಳತಿಗೆ ತುಂಬಾ ಕಡಿಮೆ. ನಾವೂ ತಾಜ್ ಮಹಲಿನಲ್ಲಿ ವಿದೇಶಿಯರಿಗೆ ಹೀಗೇ ಮಾಡುತ್ತೇವೆ ಅಲ್ವಾ, ಹಾಗಾಗಿ ಬಾಯಿ ಮುಚ್ಚಿಕೊಂಡೆ.

ಅಲ್ಲಿಂದ ಮತ್ತೆ ರೈಲು ಹತ್ತಿ ಮೊಂಬಾಸಾ. ಹಂಚಿಗೆ ಆ ದೇಶದಲ್ಲೂ ಮಂಗಳೂರಿನ ಹೆಸರೇ ಅಂತ ಕೇಳಿ ನಮ್ಮವರಿಗೆ ಖುಷಿಯೋ ಖುಷಿ, ಅವರು ಆ ಕಡೆಯವರು. ಲಿಕೋನಿಯಲ್ಲಿ ಫೆರ್ರಿ ದಾಟಿ ಡಿಯಾನಿ ಬೀಚ್ ಸೇರಿದೆವು. ಹಿಟ್ಟಿನಂಥ ಬಿಳಿ ಮರಳು. ಇಳಿತದ ಹೊತ್ತಿಗೆ ನೀರು ದೂರ ಸರಿದುಬಿಡುತ್ತದೆ. ಹವಳದ ದಿಬ್ಬದ ಒಳಗೆ ಅಲ್ಲಲ್ಲಿ ನಿಂತ ನೀರಿನಲ್ಲಿ ನಕ್ಷತ್ರ ಮೀನು ಹುಡುಕುವುದೇ ಮಕ್ಕಳ ಕೆಲಸ. ಎಳನೀರಿಗೆ ಮಡಾಫು ಅನ್ನುತ್ತಾರೆ. ನಮ್ಮದೇ ರುಚಿ.

ಮೊದಲನೇ ಸಂಜೆ ಸೂರ್ಯ ಮುಳುಗುವುದನ್ನು ನೋಡಲು ಎಲ್ಲರೂ ಸಮುದ್ರದ ಕಡೆ ಮುಖ ಮಾಡಿ ಕೂತೆವು. ಸೂರ್ಯ ಬೆನ್ನ ಹಿಂದೆ ತೆಂಗಿನ ಮರಗಳಲ್ಲಿ ಮುಳುಗಿದ! ಗೆಳತಿ ಗೊತ್ತಿದ್ದೂ ಸುಮ್ಮನಿದ್ದಳು. ಮಾರನೇ ಬೆಳಗ್ಗೆ ಕತ್ತಲಲ್ಲೇ ಎಬ್ಬಿಸಿ ಕರೆದುಕೊಂಡು ಹೋದಳು. ಕೆಂಪಗೆ ನೀರಿನಿಂದ ಎದ್ದ. "ಇಲ್ಲಿಂದ ಈಜ್ತಾ ಹೋದರೆ ಗೋಕರ್ಣ ಸಿಗುತ್ತಾ?" ಅಂತ ಮಗ ಕೇಳಿದ. ಸ್ವಲ್ಪ ಎಡಕ್ಕೆ ತಿರುಗಬೇಕು ಅಂದರು ಅವರಪ್ಪ. ನಾನೂ ಗೆಳತಿಯೂ ಅಲ್ಲೇ ಮರಳಿನ ಮೇಲೆ ಕೂತು ಹಾಸ್ಟೆಲಿನ ಮೆಸ್ಸಿನ ಉಪ್ಪಿಟ್ಟನ್ನು ಬೈಯುತ್ತಾ ಹತ್ತು ಗಂಟೆ ಮಾಡಿದೆವು. ನಮ್ಮ ಲೆಕ್ಕದ ಹತ್ತು.

ಏಪ್ರಿಲ್‌ನಲ್ಲಿ ಅವರು ಇಲ್ಲಿಗೆ ಬರುತ್ತಾರೆ. ಅವಳ ಮಗಳು ಲೆಕ್ಕವಿಲ್ಲದಷ್ಟು ಸಿಂಹ ನೋಡಿದ್ದಾಳೆ, ಆದರೆ ಆಫ್ರಿಕಾದ ಕಾಡಿನಲ್ಲಿ ಹುಲಿ ಇಲ್ಲವಲ್ಲ. ಅವಳಿಗೆ ಹುಲಿ ಬೇಕಂತೆ. ಕಬಿನಿ ಸಫಾರಿ ಈಗಲೇ ಬುಕ್ ಮಾಡಬೇಕು.