ಬೆಳಕಿನ ಕ್ಯೂ ಪುಸ್ತಕ

ನಮ್ಮ ತಾಲ್ಲೂಕಿನ ಹವ್ಯಾಸಿ ನಾಟಕ ತಂಡವನ್ನು ನಾನು ಹದಿನಾರು ವರ್ಷ ನಡೆಸಿದೆ. ಹೈಸ್ಕೂಲಿನಲ್ಲಿ ಪಾಠ ಮುಗಿಸಿ ಸಂಜೆ ಆರಕ್ಕೆ ತಾಲೀಮಿಗೆ ಬಂದರೆ ನಾಟಕದ ಆಯ್ಕೆ, ಪಾತ್ರ ಹಂಚಿಕೆ, ರಂಗಸಜ್ಜಿಕೆ, ಸಂಗೀತ, ಕೊನೆಗೆ ಪ್ರದರ್ಶನದ ದಿನ ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್ ಬೋರ್ಡಿನ ಮುಂದೆ ಕೂರುವುದು, ಎಲ್ಲವೂ ನನ್ನದೇ ಆಗಿತ್ತು. ಅದನ್ನು ನಾನು ಶ್ರದ್ಧೆ ಎಂದೇ ತಿಳಿದಿದ್ದೆ. ಒಂದು ವರ್ಷ ಪ್ರದರ್ಶನಕ್ಕೆ ಹದಿನೆಂಟು ದಿನವಿರುವಾಗ ಕಾಮಾಲೆಯಾಗಿ ಹಾಸಿಗೆ ಹಿಡಿದೆ. ತಂಡದಲ್ಲಿ ಹದಿನಾಲ್ಕು ಮಂದಿ ಇದ್ದರು, ಮಾತುಗಳೆಲ್ಲ ಬಾಯಿಪಾಠವಾಗಿದ್ದವು, ಕರಪತ್ರವೂ ಅಚ್ಚಾಗಿತ್ತು. ಆದರೂ ನಾಟಕ ನಡೆಯಲಿಲ್ಲ. ನೋಡಲು ಬಂದ ಹಿರಿಯ ನಟರೊಬ್ಬರು ಹಾಸಿಗೆಯ ಪಕ್ಕದಲ್ಲಿ ಕುಳಿತು, "ಮೇಷ್ಟ್ರೇ, ಬೆಳಕು ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅನ್ನೋದು ನಿಮ್ಮ ತಲೆಯಲ್ಲೇ ಇತ್ತಲ್ಲ, ನಾವೇನು ಮಾಡೋದು?" ಎಂದರು. ಆ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಹದಿನಾರು ವರ್ಷಗಳಲ್ಲಿ ನಾನು ಹಲವಾರು ನಾಟಕಗಳನ್ನು ಕಟ್ಟಿದ್ದೆ, ಆದರೆ ನಾಟಕ ಕಟ್ಟಬಲ್ಲ ಒಬ್ಬರನ್ನೂ ತಯಾರು ಮಾಡಿರಲಿಲ್ಲ ಎಂಬುದು ಅಂದು ನನಗೆ ತಿಳಿಯಿತು.

ಚೇತರಿಸಿಕೊಳ್ಳುತ್ತಿದ್ದ ಆ ವಾರಗಳಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ನೀನಾಸಂ ಎಂಬ ರಂಗಸಂಸ್ಥೆಯ ಊರಾದ ಹೆಗ್ಗೋಡಿನ ಕಡೆಗೆ ಹೋಗುತ್ತಿತ್ತು. ಅಕ್ಟೋಬರ್ ತಿಂಗಳ ಸಂಸ್ಕೃತಿ ಶಿಬಿರಕ್ಕೆ ಎರಡು ಸಲ ಹೋಗಿ ಬಂದವನಾದರೂ ಅಲ್ಲಿ ನಾನು ನೋಡಿದ್ದು ನಾಟಕಗಳನ್ನು ಮಾತ್ರ, ಆ ನಾಟಕಗಳ ಹಿಂದಿನ ವ್ಯವಸ್ಥೆಯನ್ನು ನೋಡಿರಲಿಲ್ಲ. ಸಾಗರ ತಾಲ್ಲೂಕಿನ ಅಡಿಕೆ ತೋಟಗಳ ನಡುವಿನ ಆ ಹಳ್ಳಿಯಲ್ಲಿ ನೀನಾಸಂ 1949ರಲ್ಲಿ ಹುಟ್ಟಿದ್ದು ನಮ್ಮದರಂತೆಯೇ ಒಂದು ಹವ್ಯಾಸಿ ಸಂಘವಾಗಿ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರು ಅದನ್ನು ತಮ್ಮ ಹೆಸರಿನ ತಂಡವಾಗಿಯೇ ಬೆಳೆಸಬಹುದಿತ್ತು. ಆದರೆ ಅವರು ಮತ್ತು ಅವರ ಸಂಗಡಿಗರು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದು, ನಟನೆಯ ಜೊತೆಗೆ ಬೆಳಕು, ಪ್ರಸಾಧನ, ರಂಗಸಜ್ಜಿಕೆ, ನಾಟಕ ಸಾಹಿತ್ಯಗಳನ್ನೂ ಕಲಿಸತೊಡಗಿದರು. ಹಾಗೆ ಕಲಿತು ಹೊರಬಂದವರನ್ನು ಮುಖ್ಯವಾಗಿ ನೆಚ್ಚಿಕೊಂಡು 1985ರಲ್ಲಿ ತಿರುಗಾಟ ಎಂಬ ಸಂಚಾರಿ ನಾಟಕ ತಂಡ ಹೊರಟಿತು. ಬೇರೆ ಬೇರೆ ನಿರ್ದೇಶಕರು ಬಂದು ನಾಟಕ ಕಟ್ಟಿಕೊಟ್ಟರು, ಕಲಾವಿದರು ಪರಿಕರಗಳನ್ನೆಲ್ಲ ಹೊತ್ತುಕೊಂಡು ಊರೂರು ತಿರುಗಿದರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 2005ರಲ್ಲಿ ಅವರು ತೀರಿಕೊಂಡರು. ಅವರ ನಂತರವೂ ಶಾಲೆ ನಡೆಯಿತು, ತಿರುಗಾಟವೂ ಹೊರಟಿತು. ಹದಿನೆಂಟು ದಿನ ನಾನಿಲ್ಲದೆ ನಿಲ್ಲಲಾರದೆ ಹೋದ ನನ್ನ ತಂಡವನ್ನು ನೆನೆದಾಗ ಇದರ ತೂಕ ಅರ್ಥವಾಯಿತು.

ಅರ್ಥವಾದರೂ ಮೊದಲ ಸಲ ನಾನು ತಪ್ಪನ್ನೇ ಮಾಡಿದೆ. ಮುಂದಿನ ವರ್ಷದ ನಾಟಕವನ್ನು ತಂಡದ ಅತ್ಯಂತ ಚುರುಕಾದ ಯುವಕನಿಗೆ ವಹಿಸಿ, "ಇದು ನಿನ್ನದು, ನಾನು ತಲೆಹಾಕುವುದಿಲ್ಲ" ಎಂದು ಹೇಳಿ ದೂರ ಸರಿದೆ. ಅವನಿಗೆ ದೃಶ್ಯವನ್ನು ಒಡೆದು ನೋಡುವುದನ್ನು ಯಾರೂ ಕಲಿಸಿರಲಿಲ್ಲ, ಮುನಿಸಿಕೊಂಡ ನಟನೊಂದಿಗೆ ಹೇಗೆ ಮಾತನಾಡಬೇಕೆಂಬುದೂ ಗೊತ್ತಿರಲಿಲ್ಲ. ತಾಲೀಮು ಅರ್ಧಕ್ಕೆ ನಿಂತಿತು. ಅವನು ತಂಡಕ್ಕೆ ಮತ್ತೆ ಬರಲಿಲ್ಲ. ನಾನು ಮಾಡಿದ್ದು ಒಪ್ಪಿಸುವುದಲ್ಲ, ಕೈಬಿಡುವುದು. ಹೆಗ್ಗೋಡಿನಲ್ಲಿ ಶಾಲೆ ಮೊದಲು, ತಿರುಗಾಟ ಆಮೇಲೆ ಎಂಬ ಕ್ರಮವಿದ್ದದ್ದರ ಮಹತ್ವವನ್ನು ನಾನು ಆ ಹುಡುಗನನ್ನು ಕಳೆದುಕೊಂಡ ಮೇಲೆ ತಿಳಿದೆ. ಆ ದುಃಖ ಇಂದಿಗೂ ಇದೆ.

ಅನಂತರ ನಿಧಾನವಾಗಿ ಹೊರಟೆವು. ಎರಡು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ಮೂರು ಗಂಟೆಗಳ ಕಾಲ, ಯಾವ ಪ್ರದರ್ಶನವೂ ಎದುರಿಗಿಲ್ಲದಿದ್ದಾಗಲೂ, ಒಂದೊಂದು ದೃಶ್ಯವನ್ನು ಬೇರೆ ಬೇರೆಯವರು ಕಟ್ಟಿ ತೋರಿಸುವುದು, ಉಳಿದವರು ಅದರ ಬಗ್ಗೆ ಮಾತನಾಡುವುದು, ಕೊನೆಯಲ್ಲಿ ನಾನು ಮಾತನಾಡುವುದು ಎಂದು ಮಾಡಿಕೊಂಡೆವು. ನನ್ನ ತಲೆಯಲ್ಲಿದ್ದ ಬೆಳಕಿನ ಗುರುತುಗಳೆಲ್ಲ, ಅಂದರೆ ಕ್ಯೂಗಳೆಲ್ಲ, ಒಂದು ದಪ್ಪ ನೋಟ್ ಪುಸ್ತಕಕ್ಕೆ ಇಳಿದವು: ಯಾವ ಮಾತಿಗೆ ಯಾವ ಸ್ಪಾಟ್, ಎಷ್ಟು ಎಣಿಸುವಷ್ಟರಲ್ಲಿ ಪೂರ್ತಿ ಬೆಳಕು. ಆಮೇಲೆ ಔಷಧಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಯುವತಿಯೊಬ್ಬಳು ತಾನೇ ಮುಂದೆ ಬಂದು ಪೂರ್ಣ ನಾಟಕವೊಂದನ್ನು ನಿರ್ದೇಶಿಸಿದಳು. ಅವಳು ಮುದುಕನ ಮಂಚವನ್ನು ರಂಗದ ತೀರಾ ಮುಂದಕ್ಕೆ ಹಾಕಿಸಿದಾಗ ಹಿಂದಿನ ನಟರು ಮರೆಯಾಗುತ್ತಾರೆಂದು ನನಗೆ ಖಚಿತವಾಗಿತ್ತು. ನಾನು ಅವಳನ್ನು ಕೇಳಿದ್ದು ಒಂದೇ: "ಕೊನೆಯ ಸಾಲಿನಲ್ಲಿ ಕೂತು ಒಮ್ಮೆ ನೋಡಿದೆಯಾ ಅಮ್ಮಾ?" ಅವಳು ಹೋಗಿ ಕುಳಿತಳು, ಬಹಳ ಹೊತ್ತು ನೋಡಿದಳು, ಹಿಂತಿರುಗಿ ಬಂದು, "ಮರೆಯಾಗ್ತಾರೆ ಸರ್, ಆದ್ರೆ ಆ ಮನೇಲಿ ಎಲ್ರೂ ಮುದುಕನ ಮರೆಯಲ್ಲೇ ಬದುಕ್ತಿದಾರೆ" ಎಂದಳು. ಮಂಚ ಅಲ್ಲೇ ಉಳಿಯಿತು. ನನ್ನ ಹದಿನಾರು ವರ್ಷಗಳ ನಿರ್ದೇಶನದಲ್ಲಿ ಅಂಥದೊಂದು ಯೋಚನೆ ನನಗೆ ಬಂದಿರಲಿಲ್ಲ.

ಮೊದಲ ಪ್ರದರ್ಶನದ ರಾತ್ರಿ ಮೂರನೆಯ ದೃಶ್ಯದಲ್ಲಿ ಬೆಳಕು ಏರಲಿಲ್ಲ. ಬೋರ್ಡಿನ ಮುಂದಿದ್ದ ಹುಡುಗ ಪುಸ್ತಕದಲ್ಲಿ ಒಂದು ಹಾಳೆ ಹೆಚ್ಚಿಗೆ ಮಗುಚಿದ್ದ. ಕತ್ತಲೆಯಲ್ಲೇ ನಟಿಯ ಮಾತು ಕೇಳತೊಡಗಿದಾಗ ನಾನು ಕುರ್ಚಿಯಿಂದ ಅರ್ಧ ಎದ್ದೆ, ಬೋರ್ಡಿಗೆ ನಾಲ್ಕೇ ಹೆಜ್ಜೆ ದೂರವಿತ್ತು, ಹೋಗಿದ್ದರೆ ಕ್ಷಣದಲ್ಲಿ ಸರಿಯಾಗುತ್ತಿತ್ತು. ಹೋಗಲಿಲ್ಲ. ಅವನು ಟಾರ್ಚ್ ಹಿಡಿದು ಹಾಳೆ ಹುಡುಕಿದ, ನಟಿ ಧ್ವನಿಯನ್ನು ತುಸು ತಗ್ಗಿಸಿ ಮಾತು ಮುಂದುವರಿಸಿದಳು, ಸಭೆ ಉಸಿರು ಬಿಗಿಹಿಡಿದು ಕೇಳಿತು, ಆಮೇಲೆ ಬೆಳಕು ಮೆಲ್ಲಗೆ ಬಂತು. ಮರುದಿನ ಆ ಹುಡುಗ ಪ್ರತಿ ದೃಶ್ಯದ ಹಾಳೆಗೂ ಬಣ್ಣದ ಕಾಗದದ ಚೀಟಿ ಅಂಟಿಸಿದ. ನಾನು ಎದ್ದು ಹೋಗಿದ್ದರೆ ಆ ಚೀಟಿಗಳು ಆ ಪುಸ್ತಕದಲ್ಲಿ ಇರುತ್ತಿರಲಿಲ್ಲ.

ಆ ಯುವತಿ ಮದುವೆಯಾಗಿ ದಾವಣಗೆರೆಗೆ ಹೋಗಿದ್ದಾಳೆ. ಅಲ್ಲಿ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಾಳೆ, ಆ ಮಕ್ಕಳನ್ನು ನಾನು ನೋಡಿಲ್ಲ. ಇಲ್ಲಿ ಈಗ ಮೂವರು ನಿರ್ದೇಶಿಸುತ್ತಾರೆ, ನಾನು ವರ್ಷಕ್ಕೊಮ್ಮೆ ಒಂದು ಸಣ್ಣ ಪಾತ್ರ ಮಾಡುತ್ತೇನೆ. ಕ್ಯೂ ಪುಸ್ತಕ ಪರಿಕರಗಳ ಪೆಟ್ಟಿಗೆಯಲ್ಲಿರುತ್ತದೆ. ಮೊನ್ನೆ ತೆರೆದು ನೋಡಿದೆ. ಮೊದಲ ನಲವತ್ತು ಪುಟಗಳಲ್ಲಿ ನನ್ನ ಅಕ್ಷರವಿದೆ. ಅಲ್ಲಿಂದ ಮುಂದಕ್ಕೆ ಐದು ಬೇರೆ ಬೇರೆ ಕೈಬರಹಗಳಿವೆ, ಅವುಗಳಲ್ಲಿ ಒಂದು ಯಾರದೆಂದು ನನಗೆ ಗುರುತು ಸಿಗಲಿಲ್ಲ.