ಟೈಪ್ ಮಾಡಿ ತಂದ ರಾಜೀನಾಮೆಗೆ ಸಹಿ ಹಾಕಬೇಡಿ

ರಾಜೀನಾಮೆ ಕೊಡುವವರು ತಾವೇ ಬರೆದು ಕೊಡುತ್ತಾರೆ. ಕಂಪನಿಯವರೇ ಟೈಪ್ ಮಾಡಿಸಿ, ನಿಮ್ಮ ಹೆಸರು, ಟೋಕನ್ ನಂಬರ್ ಹಾಕಿ, ಸಹಿಯ ಜಾಗಕ್ಕೆ ಪೆನ್ಸಿಲ್ ಗುರುತು ಮಾಡಿ ಮುಂದಿಟ್ಟರೆ ನಿಮ್ಮನ್ನು ಕೆಲಸದಿಂದ ತೆಗೆಯುತ್ತಿದ್ದಾರೆ ಎಂದೇ ಅರ್ಥ. ತೆಗೆದರೆ ಕಾನೂನಿನ ಪ್ರಕಾರ ಕೊಡಬೇಕಾದ ಹಣವನ್ನು ಉಳಿಸಿಕೊಳ್ಳಲು ಆ ಕಾಗದವನ್ನು ಬಳಸುತ್ತಾರೆ. ಹೋದ ವಾರ ನಮ್ಮ ಬೀದಿಯ ಹುಡುಗಿಯೊಬ್ಬಳು ಫೋನ್ ಮಾಡಿ, "ಅಕ್ಕಾ, ಸಹಿ ಹಾಕಿದರೆ ಇವತ್ತೇ ಚೆಕ್ ಕೊಡುತ್ತಾರಂತೆ, ಹಾಕಲೇ?" ಎಂದು ಕೇಳಿದಾಗ ನನಗೆ 2019ರ ಆ ಮಧ್ಯಾಹ್ನ ಮತ್ತೆ ನೆನಪಾಗಿ ಹೊಟ್ಟೆ ಉರಿಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೊಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಫಿನಿಶಿಂಗ್ ವಿಭಾಗದಲ್ಲಿ ಚೆಕ್ಕರ್ ಆಗಿದ್ದೆ. ಯೂನಿಟ್ ಅನ್ನು ಬೇರೆ ಜಿಲ್ಲೆಗೆ ಸಾಗಿಸುತ್ತಾರೆ ಎಂಬ ಗುಸುಗುಸು ತಿಂಗಳುಗಳಿಂದ ಇತ್ತು. ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನವನ್ನು ವಲಯವಾರು ನಿಗದಿ ಮಾಡುತ್ತಾರೆ. ಬೆಂಗಳೂರಿನ ದರ ಹೆಚ್ಚು, ತಾಲ್ಲೂಕು ಕೇಂದ್ರಗಳ ದರ ಕಡಿಮೆ. ಅದೇ ಮಷಿನ್, ಅದೇ ಬೈಯರ್, ಅದೇ ಶರಟು, ಕೂಲಿ ಮಾತ್ರ ಕಡಿಮೆ ಎಂದರೆ ಆಡಳಿತ ಮಂಡಳಿಯವರು ಯಾಕೆ ಬಿಡುತ್ತಾರೆ? ಆದರೆ ಯೂನಿಟ್ ಮುಚ್ಚುತ್ತೇವೆ ಎಂದು ನೋಟಿಸ್ ಹಾಕುವ ಧೈರ್ಯವೂ ಅವರಿಗೆ ಇರಲಿಲ್ಲ. ನೋಟಿಸ್ ಹಾಕಿದರೆ ಪರಿಹಾರ ಕೊಡಬೇಕಲ್ಲ.

ಅವತ್ತು ಬೆಳಿಗ್ಗೆಯಿಂದ ನಾಲ್ಕನೇ ಲೈನಿಗೆ ಫೀಡಿಂಗ್, ಅಂದರೆ ಹೊಲಿಯಬೇಕಾದ ಬಟ್ಟೆ, ಬಂದಿರಲಿಲ್ಲ. ಪ್ರೊಡಕ್ಷನ್ ಬೋರ್ಡಿನಲ್ಲಿ ಟಾರ್ಗೆಟ್ ಬರೆಯುವ ಜಾಗ ಖಾಲಿ ಇತ್ತು. ಊಟದ ಬೆಲ್ ಆದ ಮೇಲೆ ಫ್ಲೋರ್ ಇನ್‌ಚಾರ್ಜ್ ಬಂದು ನಾಲ್ಕು ನಾಲ್ಕು ಜನರ ಹೆಸರು ಕೂಗಿ ಎಚ್‌ಆರ್ ಕೊಠಡಿಗೆ ಕರೆದುಕೊಂಡು ಹೋಗತೊಡಗಿದರು. ಹೋದವರು ಯಾರೂ ಫ್ಲೋರಿಗೆ ವಾಪಸ್ ಬರಲಿಲ್ಲ. ಅವರನ್ನು ಹಿಂದಿನ ಮೆಟ್ಟಿಲಿನಿಂದ ನೇರವಾಗಿ ಗೇಟಿಗೆ ಕಳಿಸುತ್ತಿದ್ದರು ಎಂಬುದು ಆಮೇಲೆ ತಿಳಿಯಿತು.

ನಮ್ಮ ಸರದಿ ಬಂದಾಗ ಬಾಗಿಲಲ್ಲೇ ಮೊಬೈಲ್‌ಗಳನ್ನು ಪ್ಲಾಸ್ಟಿಕ್ ಟ್ರೇಗೆ ಹಾಕಿಸಿಕೊಂಡರು. ಮೇಜಿನ ಮೇಲೆ ಪ್ರತಿಯೊಬ್ಬರ ಮುಂದೆ ಎರಡು ಹಾಳೆ, ಮೇಲೊಂದು ಚೆಕ್. ಹಾಳೆಗಳಲ್ಲಿ ಇದ್ದದ್ದೆಲ್ಲ ಇಂಗ್ಲಿಷ್. ಮೊದಲನೆಯದರಲ್ಲಿ "ಸ್ವಂತ ಕಾರಣಗಳಿಂದ" ಕೆಲಸ ಬಿಡುತ್ತಿದ್ದೇನೆ ಎಂದು ಬರೆದಿತ್ತು, ತಾರೀಕಿನ ಜಾಗ ಖಾಲಿ ಬಿಟ್ಟಿದ್ದರು. ಎರಡನೆಯದು ಪೂರ್ಣ ಮತ್ತು ಅಂತಿಮ ಲೆಕ್ಕ, ಇನ್ನು ಯಾವ ಬಾಕಿಯೂ ಇಲ್ಲ ಎಂಬ ರಸೀದಿ. ನನ್ನ ಪಕ್ಕದಲ್ಲಿ ಕುಳಿತಿದ್ದ ಟೈಲರ್ ಅಕ್ಕ ನನಗಿಂತ ಎಷ್ಟೋ ವರ್ಷ ಮೊದಲು ಸೇರಿದವರು. ಕಾಲರ್ ಹೊಲಿಯುವುದರಲ್ಲಿ ಆ ಫ್ಲೋರಿನಲ್ಲೇ ಅವರಿಗೆ ಸಮನಾದವರು ಇರಲಿಲ್ಲ. ನಾನು ಎರಡನೇ ಸಾಲು ಓದುವಷ್ಟರಲ್ಲಿ ಅವರು ಎರಡಕ್ಕೂ ಸಹಿ ಹಾಕಿ, ಚೆಕ್ ಅನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಾಗಿತ್ತು. ಸೂಜಿ ಹೊಕ್ಕು ಉಗುರು ಸೀಳಿದ ಆ ತೋರುಬೆರಳಿನಲ್ಲಿ ಪೆನ್ ಹಿಡಿದು ಅವರು ಸಹಿ ಹಾಕಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ನಾನು ಕೇಳಿದ್ದು ಒಂದೇ ಮಾತು: "ಇದನ್ನು ಮನೆಗೆ ಕೊಂಡು ಹೋಗಿ ಓದಿಸಿಕೊಂಡು ನಾಳೆ ತರುತ್ತೇನೆ." ಎಚ್‌ಆರ್ ಮ್ಯಾನೇಜರ್ ನಗುತ್ತಲೇ ಇದ್ದರು. ಕಾಗದ ಹೊರಗೆ ಹೋಗುವ ಹಾಗಿಲ್ಲ ಎಂದರು. ಸಹಿ ಹಾಕದಿದ್ದರೆ ನಾಳೆಯಿಂದ ಗೇಟ್ ಪಾಸ್ ಇಲ್ಲ, ಪಿಎಫ್ ಬಿಡಿಸಿಕೊಳ್ಳಲೂ ನಾವೇ ಬೇಕು, ಯೋಚನೆ ಮಾಡಿ ಎಂದರು. ನಂತರ ಯಾರೂ ಮಾತಾಡಲಿಲ್ಲ. ಫ್ಯಾನಿನ ಗಾಳಿಗೆ ಚೆಕ್ ಹಾರದಿರಲಿ ಎಂದು ಅದರ ಮೇಲೆ ಸ್ಟೇಪ್ಲರ್ ಇಟ್ಟಿದ್ದರು, ನಾನು ಆ ಸ್ಟೇಪ್ಲರನ್ನೇ ನೋಡುತ್ತ ಕುಳಿತೆ. ಮನೆ ಬಾಡಿಗೆ, ಮಗನ ಶಾಲೆಯ ಫೀಸು, ಚೀಟಿಯ ಕಂತು ಎಲ್ಲವೂ ತಲೆಯಲ್ಲಿ ಸಾಲುಗಟ್ಟಿದವು. ಹೆದರಿಕೆಯಿಂದ ಕಾಲು ನಡುಗುತ್ತಿತ್ತು. ಕೊನೆಗೆ ಎದ್ದು, ಟ್ರೇಯಿಂದ ಮೊಬೈಲ್ ತೆಗೆದುಕೊಂಡು ಹೊರಗೆ ಬಂದೆ. ಯಾರೂ ತಡೆಯಲಿಲ್ಲ. ತಡೆಯುವ ಅಧಿಕಾರ ಅವರಿಗೆ ಇರಲಿಲ್ಲ ಎಂಬುದು ಆ ಕೊಠಡಿಯಲ್ಲಿ ಕುಳಿತಿದ್ದ ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಸಹಿ ಹಾಕದವರೆಲ್ಲ ಎಂದಿನ ಹೊತ್ತಿಗೇ ಗೇಟಿಗೆ ಹೋದೆವು. ಸೆಕ್ಯುರಿಟಿಯವರು ಪಟ್ಟಿ ನೋಡಿ ಹೆಸರಿಲ್ಲ ಎಂದರು. ನಾವು ಮೊದಲು ಓಡಿದ್ದು ಪೊಲೀಸ್ ಠಾಣೆಗೆ. ಇದು ಕಾರ್ಮಿಕ ಇಲಾಖೆಯ ವಿಷಯ ಎಂದು ಅಲ್ಲಿಯವರು ಹೇಳಿದರು, ಅವರು ಹೇಳಿದ್ದು ಸರಿಯೇ. ಹೊಡೆದರೆ, ಕೂಡಿಹಾಕಿದರೆ, ಜಾತಿ ಹಿಡಿದು ಬೈದರೆ, ಸಂಬಳದಿಂದ ಪಿಎಫ್ ಕಡಿದುಕೊಂಡು ಕಟ್ಟದೆ ನುಂಗಿದರೆ ಪೊಲೀಸರ ಹತ್ತಿರ ಹೋಗಬಹುದು. ಸಂಬಳ, ಪರಿಹಾರ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಿಗುವ ಹಣ) ಇವುಗಳ ದಾರಿ ಬೇರೆ. ಲೈಂಗಿಕ ಕಿರುಕುಳಕ್ಕೆ ಇನ್ನೊಂದು ದಾರಿಯೂ ಇದೆ: ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು ಎಂದು 2013ರ ಕಾಯ್ದೆ ಹೇಳುತ್ತದೆ, ದೂರನ್ನು ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ಸಮಿತಿ ಇಲ್ಲದಿದ್ದರೆ ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು.

ಠಾಣೆಯ ಹೊರಗೆ ಸಿಕ್ಕ ಕಾರ್ಮಿಕ ಸಂಘದ ಕಾರ್ಯಕರ್ತೆಯೊಬ್ಬರು ನಮ್ಮನ್ನು ಮತ್ತೆ ಅದೇ ಗೇಟಿಗೆ ಕರೆದುಕೊಂಡು ಹೋದರು. ಗೇಟು ಕಾಣುವಂತೆ, ನಮ್ಮ ಐಡಿ ಕಾರ್ಡ್ ಕಾಣುವಂತೆ ಫೋಟೊ ತೆಗೆಸಿದರು. ಅಲ್ಲಿಂದ ನೇರವಾಗಿ ಅಂಚೆ ಕಚೇರಿಗೆ. ಅಲ್ಲಿ ಪ್ರತಿಯೊಬ್ಬರೂ ಕನ್ನಡದಲ್ಲಿ ಅರ್ಧ ಪುಟದ ಪತ್ರ ಬರೆದೆವು: ಇಂಥ ದಿನ ಇಷ್ಟು ಗಂಟೆಗೆ ಕೆಲಸಕ್ಕೆ ಬಂದೆ, ಗೇಟಿನಲ್ಲಿ ತಡೆದಿರಿ, ನಾನು ರಾಜೀನಾಮೆ ಕೊಟ್ಟಿಲ್ಲ, ಕೆಲಸ ಮಾಡಲು ಸಿದ್ಧಳಿದ್ದೇನೆ. ಸ್ವೀಕೃತಿ ಕಾರ್ಡ್ ಸಹಿತ ನೋಂದಾಯಿತ ಅಂಚೆಯಲ್ಲಿ ಕಳಿಸಿದೆವು. (ಈಗ ನೋಂದಾಯಿತ ಅಂಚೆಯನ್ನು ಸ್ಪೀಡ್ ಪೋಸ್ಟ್‌ನೊಂದಿಗೆ ಸೇರಿಸಿದ್ದಾರೆ, ರಸೀದಿ ಅಷ್ಟೇ ಮುಖ್ಯ.) ಹಿಂದಿನ ದಿನ ಸಹಿ ಹಾಕಿದ್ದವರಲ್ಲಿ ಕೆಲವರು ಅವತ್ತೇ ಬಂದು, ಒತ್ತಾಯದಿಂದ ಸಹಿ ಹಾಕಿಸಿಕೊಂಡಿದ್ದಾರೆ, ರಾಜೀನಾಮೆ ಹಿಂಪಡೆಯುತ್ತೇನೆ ಎಂದು ಬರೆದರು. ಅಕ್ಕ ಬರಲಿಲ್ಲ. ಚೆಕ್ ಪಾಸಾಗಲಿ, ಆಮೇಲೆ ನೋಡೋಣ ಎಂದರಂತೆ.

ಈ ಪತ್ರದ ಬೆಲೆ ಗೊತ್ತಾದದ್ದು ರಾಜಿ ಸಭೆಯಲ್ಲಿ. ನಮ್ಮ ದೂರು ಕಾರ್ಮಿಕ ಅಧಿಕಾರಿಯ ಮುಂದೆ ಹೋಯಿತು. ಆಡಳಿತದವರು ಮೊದಲ ದಿನಾಂಕಕ್ಕೆ ಬರಲಿಲ್ಲ, ಮುಂದಿನದಕ್ಕೆ ಕಾಲಾವಕಾಶ ಕೇಳಿದರು. ಅಂತೂ ಬಂದಾಗ ಅವರ ವಕೀಲರು ಹೇಳಿದ್ದು: "ಇವರನ್ನು ಯಾರೂ ತೆಗೆದಿಲ್ಲ. ಹೇಳದೆ ಕೇಳದೆ ಇವರೇ ಕೆಲಸ ಬಿಟ್ಟು ಹೋಗಿದ್ದಾರೆ." ನನಗೆ ಮೈಯೆಲ್ಲ ಬೆಂಕಿಯಾಯಿತು. ಅಧಿಕಾರಿ ಏನೂ ಹೇಳದೆ ಕಡತದಿಂದ ಅಂಚೆಯ ಕಾರ್ಡ್ ತೆಗೆದು ವಕೀಲರ ಕಡೆ ತಿರುಗಿಸಿದರು. ಅದರ ಮೇಲೆ ಕಂಪನಿಯ ಮೊಹರು, ಟಪಾಲು ಗುಮಾಸ್ತರ ಸಹಿ, ತಾರೀಕು. ಕೆಲಸ ಬಿಟ್ಟು ಹೋದವರು ಮಾರನೆಯ ದಿನವೇ ಕೆಲಸ ಕೊಡಿ ಎಂದು ಪತ್ರ ಬರೆಯುತ್ತಾರೆಯೇ? ವಕೀಲರು ಆ ಮಾತನ್ನು ಮತ್ತೆ ಎತ್ತಲಿಲ್ಲ.

ರಾಜಿ ಸಭೆಯ ಅಧಿಕಾರಿ ತೀರ್ಪು ಕೊಡುವವರಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ನಮ್ಮಲ್ಲಿ ಎಷ್ಟೋ ಜನ "ಸಾಹೇಬರು ಯಾಕೆ ಅವರಿಗೆ ಬೈಯುವುದಿಲ್ಲ?" ಎಂದು ಬೇಸರ ಮಾಡಿಕೊಂಡು ಸಭೆಗೆ ಬರುವುದನ್ನೇ ಬಿಟ್ಟರು. ಅವರ ಕೆಲಸ ಎರಡೂ ಕಡೆಯವರನ್ನು ಕೂಡಿಸಿ ಒಪ್ಪಂದಕ್ಕೆ ತರುವುದು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ, ಕೆಲಸದಿಂದ ತೆಗೆದ ದೂರು ರಾಜಿಗೆ ಹೋಗಿ 45 ದಿನವಾದರೂ ಬಗೆಹರಿಯದಿದ್ದರೆ ನಾವೇ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಆ ಕೋರ್ಟಿನ ಭಯದಿಂದಲೇ ಆಡಳಿತದವರು ಕೊನೆಗೆ ಒಪ್ಪಂದಕ್ಕೆ ಬಂದರು: ನೋಟಿಸ್ ಬದಲಿಗೆ ಒಂದು ತಿಂಗಳ ಸಂಬಳ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ, ಜೊತೆಗೆ ಗ್ರಾಚ್ಯುಟಿ, ಬೋನಸ್, ಉಳಿದ ರಜೆಯ ಹಣ. ಒಂದು ವರ್ಷದಲ್ಲಿ 240 ದಿನ ಕೆಲಸ ಮಾಡಿದವರಿಗೆಲ್ಲ ನೋಟಿಸಿನ ಸಂಬಳವೂ 15 ದಿನದ ಲೆಕ್ಕದ ಪರಿಹಾರವೂ ಸಲ್ಲಬೇಕಾದದ್ದೇ, ಅವರು ಹೆಚ್ಚಿಗೆ ಏನೂ ಕೊಡಲಿಲ್ಲ. ಕೆಲಸ ಮಾತ್ರ ವಾಪಸ್ ಸಿಗಲಿಲ್ಲ. ಅಷ್ಟರಲ್ಲಿ ಮಷಿನ್‌ಗಳು ಲಾರಿ ಹತ್ತಿದ್ದವು.

ಅಕ್ಕನಿಗೆ ಈ ಪರಿಹಾರ ಸಿಗಲಿಲ್ಲ. "ಸ್ವಂತ ಕಾರಣ" ಎಂಬ ಎರಡು ಪದದಲ್ಲಿ ಅದು ಹೋಯಿತು. ಆದರೆ ಗ್ರಾಚ್ಯುಟಿಯನ್ನೂ ನುಂಗಲು ನೋಡಿದ್ದರು, ರಾಜೀನಾಮೆ ಕೊಟ್ಟವರಿಗೆ ಅದು ಬರುವುದಿಲ್ಲ ಎಂದು ಹೇಳಿದ್ದರು. ಇದು ಶುದ್ಧ ಸುಳ್ಳು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ಐದು ವರ್ಷ ಸತತವಾಗಿ ದುಡಿದವರು ರಾಜೀನಾಮೆ ಕೊಟ್ಟರೂ ಅದು ಸಲ್ಲಬೇಕಿತ್ತು. ಆಗಿನ ಲೆಕ್ಕ ಕಷ್ಟವಿರಲಿಲ್ಲ: ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 10,400 ರೂಪಾಯಿ ಇದ್ದರೆ 26ರಿಂದ ಭಾಗಿಸಿ, ದಿನಕ್ಕೆ 400 ಆಯಿತು. ವರ್ಷಕ್ಕೆ 15 ದಿನದಂತೆ 6,000. ಹತ್ತು ವರ್ಷದ ಸೇವೆಗೆ 60,000. ಆಗ ಮೊದಲು ಕಂಪನಿಗೆ ಫಾರಂ "ಐ" ಕೊಡಬೇಕಿತ್ತು. ಅವರು ಹಣ ಕೊಡದಿದ್ದರೆ ನಿಯಂತ್ರಣ ಪ್ರಾಧಿಕಾರಿಯಾದ ಸಹಾಯಕ ಕಾರ್ಮಿಕ ಆಯುಕ್ತರಿಗೆ ಫಾರಂ "ಎನ್". ಇಲ್ಲಿ ಆ ಆಯುಕ್ತರು ರಾಜಿ ಮಾಡಿಸುವವರಾಗಿರಲಿಲ್ಲ, ವಿಚಾರಣೆ ನಡೆಸಿ ಆದೇಶ ಮಾಡುವವರಾಗಿದ್ದರು. ಅಕ್ಕನ ಪರವಾಗಿ ಎರಡೂ ಫಾರಂಗಳನ್ನು ನಾನೇ ತುಂಬಿದೆ. ತಡವಾದರೂ ಬಡ್ಡಿಯ ಸಮೇತ ಬಂತು.

ಪಿಎಫ್ ವಿಷಯದಲ್ಲೂ ಎಚ್‌ಆರ್ ಹೆದರಿಸಿದ್ದು ಸುಳ್ಳೇ. ಯುಎಎನ್ ನಂಬರ್ (ಪಿಎಫ್ ಸದಸ್ಯರಿಗೆ ಕೊಡುವ ನಂಬರ್), ಆಧಾರ್, ಬ್ಯಾಂಕ್ ಖಾತೆ ಜೋಡಣೆಯಾಗಿದ್ದರೆ ನಾವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಕಂಪನಿ ಕಟ್ಟಿದೆಯೇ ಎಂದು ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳು ನೋಡಬೇಕು, ಕಟ್ಟದಿದ್ದರೆ ಭವಿಷ್ಯ ನಿಧಿಯ ದೂರು ಪೋರ್ಟಲ್‌ನಲ್ಲಿ ಪೇ ಸ್ಲಿಪ್ ಹಾಕಿ ದೂರು ಕೊಡಬೇಕು. ನಮಗೆ ಪಿಎಫ್ ಎಂದರೆ ಸಣ್ಣ ವಿಷಯವಲ್ಲ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇದೇ ಹೊಸೂರು ರಸ್ತೆಯಲ್ಲಿ ಕುಳಿತರು, ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂಪಡೆಯಿತು. ಬೀದಿಯಲ್ಲಿ ಅಷ್ಟು ಗಟ್ಟಿಯಾಗಿ ನಿಂತ ನಾವೇ ಎಚ್‌ಆರ್ ಕೊಠಡಿಯಲ್ಲಿ ನಾಲ್ಕು ನಾಲ್ಕು ಜನರಾಗಿ ಕುಳಿತಾಗ ಬಗ್ಗಿಬಿಟ್ಟೆವು. ಅವರು ಗುಂಪು ಒಡೆದು ಕರೆದದ್ದು ಸುಮ್ಮನೆ ಅಲ್ಲ.

ಫೋನ್ ಮಾಡಿದ ಹುಡುಗಿಗೆ ನಾನು ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ಐಡಿ ಕಾರ್ಡ್, ನೇಮಕಾತಿ ಪತ್ರ, ಪೇ ಸ್ಲಿಪ್, ಇಎಸ್‌ಐ ಕಾರ್ಡ್, ಸಂಬಳ ಜಮೆಯಾದ ಬ್ಯಾಂಕ್ ಪುಟ ಇವುಗಳ ಫೋಟೊವನ್ನು ಗೇಟಿನೊಳಗೆ ಇರುವಾಗಲೇ ತೆಗೆದು ಮನೆಯವರ ಮೊಬೈಲಿಗೆ ಕಳಿಸಿಡು. ಹೊರಗೆ ಹಾಕಿದ ಮೇಲೆ ನೀನು ಅಲ್ಲಿ ದುಡಿದೆ ಎಂಬುದನ್ನೇ ಇಲ್ಲ ಎನ್ನುತ್ತಾರೆ. ದೂರು ಒಂದು ಪುಟ ಸಾಕು: ಸೇರಿದ ದಿನ, ವಿಭಾಗ, ಕೊನೆಯ ಸಂಬಳ, ಏನಾಯಿತು, ಏನು ಬೇಕು. ಕನ್ನಡದಲ್ಲೇ ಬರೆ. ಗುಂಪಿನ ಅರ್ಜಿಯ ಜೊತೆಗೆ ನಿನ್ನದೂ ಒಂದು ಇರಲಿ. ಎರಡು ಪ್ರತಿ ಒಯ್ದು, ನಿನ್ನ ಪ್ರತಿಯ ಮೇಲೆ ಟಪಾಲಿನ ಮೊಹರು ಬೀಳುವವರೆಗೆ ಕೌಂಟರ್ ಬಿಡಬೇಡ. ಯಾವ ಅಧಿಕಾರಿಯ ವ್ಯಾಪ್ತಿ ಎಂದು ತಿಳಿಯದಿದ್ದರೆ ಡೈರಿ ವೃತ್ತದ ಬಳಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೇಳು, ಅಥವಾ ಕಾರ್ಮಿಕ ಸಹಾಯವಾಣಿ 155214ಕ್ಕೆ ಫೋನ್ ಮಾಡು. ಗುತ್ತಿಗೆಯಲ್ಲಿದ್ದರೆ ಏಜೆನ್ಸಿಯ ಜೊತೆಗೆ ಮೂಲ ಕಂಪನಿಯ ಹೆಸರನ್ನೂ ಸೇರಿಸು, ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೊಡುವ ಹೊಣೆ ಅವರದು. ವಕೀಲರಿಗೆ ಹಣವಿಲ್ಲ ಎಂದು ಸುಮ್ಮನಾಗಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೂ ಕೈಗಾರಿಕಾ ಕಾರ್ಮಿಕರಿಗೂ ಆದಾಯ ಎಷ್ಟೇ ಇರಲಿ ಉಚಿತ ನೆರವು ಉಂಟು. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಪ್ರಾಧಿಕಾರದ ಕಚೇರಿ ಇದೆ, ಸಹಾಯವಾಣಿ 15100.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ವೇತನ ಸಂಹಿತೆಯಲ್ಲಿ ನಮಗೆ ಉಪಯೋಗವಾಗುವ ಎರಡು ಮಾತಿವೆ. ಕೆಲಸ ಬಿಟ್ಟರೂ ತೆಗೆದರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಬಾಕಿ ಸಂಬಳದ ದೂರಿಗೆ ಮೂರು ವರ್ಷದವರೆಗೆ ಅವಕಾಶ ಇದೆ, ಮೊದಲು ಕನಿಷ್ಠ ವೇತನದ ದೂರಿಗೆ ಆರು ತಿಂಗಳು, ವೇತನ ಪಾವತಿಯ ದೂರಿಗೆ ಹನ್ನೆರಡು ತಿಂಗಳು ಮಾತ್ರ ಇತ್ತು. ಹಾಗೆಂದು ಮೂರು ವರ್ಷ ಕಾಯಬೇಡಿ. ಅಷ್ಟರಲ್ಲಿ ಕಂಪನಿಯ ಬೋರ್ಡೇ ಬದಲಾಗಿರುತ್ತದೆ.

ಯಾವ ಕಾಯ್ದೆ ಬಂದರೂ ಒಂದು ಮಾತ್ರ ಸರಿಯಾಗಿಲ್ಲ. ನಮಗೆ ವಾರದ ರಜೆ ಭಾನುವಾರ, ಕಚೇರಿಗಳಿಗೂ ಭಾನುವಾರವೇ ರಜೆ. ಬಾಕಿ ಸಂಬಳ ಕೇಳಲು ಹೋಗುವವಳು ಹೊಸ ಕಾರ್ಖಾನೆಯಲ್ಲಿ ಅವತ್ತಿನ ಸಂಬಳವನ್ನೂ ಆ ತಿಂಗಳ ಹಾಜರಾತಿ ಭತ್ಯೆಯನ್ನೂ ಕಳೆದುಕೊಳ್ಳುತ್ತಾಳೆ. ವಕೀಲರು ವಾಯಿದೆ ಕೇಳಿದಾಗಲೆಲ್ಲ ಇನ್ನೊಂದು ದಿನದ ಕೂಲಿ ಹೋಗುತ್ತದೆ, ಅದು ಆಡಳಿತದವರಿಗೆ ಚೆನ್ನಾಗಿ ಗೊತ್ತು. ಗಾರ್ಮೆಂಟ್ಸ್ ಇರುವ ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರಸ್ತೆಯ ಕಡೆ ಭಾನುವಾರ ಬೆಳಿಗ್ಗೆ ದೂರು ತೆಗೆದುಕೊಳ್ಳುವ ಒಂದು ಕೌಂಟರ್ ಇರಬೇಕು, ಗೈರುಹಾಜರಾದ ಆಡಳಿತದಿಂದ ನಮ್ಮ ದಿನಗೂಲಿಯನ್ನು ಕೊಡಿಸಬೇಕು. ಹೋದ ಕಡೆಯಲ್ಲೆಲ್ಲ ಇದನ್ನು ಬರೆದು ಕೊಡುತ್ತಿದ್ದೇನೆ, ನೀವೂ ಬರೆದು ಕೊಡಿ.